ಗೊಬ್ಬರದ ಟೀಗೆ ಮುಚ್ಚಳ

ಅಳಿಯ ಗೊಬ್ಬರದಿಂದ ಟೀ ಮಾಡುತ್ತಾನಂತೆ ಎಂದು ಕೇಳಿ ಅತ್ತೆ ನಗಲೂ ಇಲ್ಲ. ಆಕೆ ನಗಬೇಕಾದರೂ ಎದುರಿಗಿದ್ದವರಿಗೆ ಒಂದು ಯೋಗ್ಯತೆ ಬೇಕು.

“ಸಕ್ಕರೆ ಎಷ್ಟು ಚಮಚ ಹಾಕ್ತೀರಿ?” ಎಂದು ಮಾತ್ರ ಕೇಳಿದಳು.

“ಸಕ್ಕರೆ ಅಲ್ಲ ಅತ್ತೆ, ಸ್ವಲ್ಪ ಬೆಲ್ಲ,” ಎಂದ ಆ ಮಹಾನುಭಾವ.

ಮದುವೆಯಾದಾಗಿನಿಂದ ಆಕೆ ಅವನನ್ನು ಬಹುವಚನ ಬಿಟ್ಟು ಮಾತಾಡಿಸಿದವಳಲ್ಲ. ಅದು ಮರ್ಯಾದೆಯಲ್ಲ, ಬೇಲಿ. ಲಿಫ್ಟ್ ರಿಪೇರಿ ಮಾಡುವವನು ಮಗಳ ಕೈ ಹಿಡಿದ, ಹಿಡಿಯಲಿ. ಅಷ್ಟಕ್ಕೇ ‘ನೀನು’ ಎಂದು ಕರೆದು ಮನೆಯವನನ್ನಾಗಿ ಮಾಡಿಕೊಳ್ಳಲು ಆಗುತ್ತದೆಯೇ?

ಎಲ್ಲ ಆ ನಿಂಬೆಗಿಡದ ದೆಸೆಯಿಂದ. ಗಂಡ ಸಾಯುವ ಮೊದಲು ತಾರಸಿಯ ಮೇಲೆ ಡ್ರಮ್ಮಿನಲ್ಲಿ ನೆಟ್ಟದ್ದು. ಎಲೆಯೆಲ್ಲ ಹಳದಿಯಾಗಿ ಉದುರಿ ಈಗ ಬರೀ ಕಡ್ಡಿ. “ಕಿತ್ತು ಬೇರೆ ಹಾಕಿ” ಎಂದ ನರ್ಸರಿಯವನ ಮುಖಕ್ಕೆ ಬಾಗಿಲು ಬಡಿದಿದ್ದಳು. ಅದೂ ಹೋದರೆ ಗಂಡನ ಕೈಯದ್ದು ಜೀವಂತವಾಗಿ ಏನೂ ಉಳಿಯುವುದಿಲ್ಲ. ಬೇರೆ ದಾರಿ ಕಾಣದೆ, ಗೊಬ್ಬರ ನೆನೆಸಿದ ನೀರು ಹಾಕಿದರೆ ಗಿಡ ಚಿಗುರುತ್ತದೆ ಎಂದ ಅಳಿಯನಿಗೆ ಹೂಂ ಅಂದಿದ್ದಳು.

ಅವನು ಬಕೆಟ್ಟಿಗೆ ನೀರು ತುಂಬಿ, ಹಳೇ ಬನಿಯನ್ನಿನಲ್ಲಿ ಗೊಬ್ಬರದ ಗಂಟು ಕಟ್ಟಿ ಇಳಿಬಿಟ್ಟು, ಮೀನಿನ ತೊಟ್ಟಿಗೆ ಗಾಳಿ ಊದುವ ಪಂಪಿನಿಂದ ತಳದವರೆಗೆ ಪೈಪು ಬಿಟ್ಟ. ನೀರು ಬುಳುಬುಳು ಎಂದಿತು.

“ಗಾಳಿ ನಿಲ್ಲಬಾರದು ಅತ್ತೆ. ನಿಂತ್ರೆ ಒಳಗಿರೋ ಒಳ್ಳೆ ಜೀವಗಳೆಲ್ಲ ಉಸಿರು ಕಟ್ಟಿ ಸಾಯ್ತವೆ.”

“ಅವಕ್ಕೆ ಹಾಸಿಗೆ, ದಿಂಬು ಏನೂ ಬೇಡ್ವಾ?”

ಅವನು ನಕ್ಕು ಡಬಲ್ ಡ್ಯೂಟಿಗೆ ಹೋದ. ಹಾಸ್ಟೆಲ್ಲಿನ ಅಡುಗೆಮನೆಯನ್ನು ಆಳಿದ ಹೆಂಗಸು ಅತ್ತೆ. ಬಾಯಿ ತೆರೆದ ಪಾತ್ರೆ ಕಂಡರೆ ಮೈ ಉರಿಯುತ್ತದೆ. ನೊಣಗಳಿಗೆ ಔತಣ ಇಟ್ಟು ಹೋದ ಕೊಳಕನನ್ನು ಬೈಯುತ್ತ ಬಕೆಟ್ಟಿಗೆ ಮುಚ್ಚಳ ಒತ್ತಿದಳು, ಅಭ್ಯಾಸಬಲದಿಂದ ಮೇಲೊಂದು ಗುಂಡುಕಲ್ಲನ್ನೂ ಹೇರಿದಳು. ಪಂಪು ಗುಂಯ್ ಎನ್ನುತ್ತಲೇ ಇತ್ತು.

ಮರುದಿನ ಸಂಜೆ ಅವನು ಬಂದು ಮುಚ್ಚಳ ತೆಗೆದರೆ ಸತ್ತ ಇಲಿಯ ನಾತ.

“ಆಹಾ, ಏನು ಘಮ!” ಅತ್ತೆ ಮೂಗು ಹಿಡಿದುಕೊಂಡೇ ಅಂದಳು. “ಹಾಕಿ ಗಿಡಕ್ಕೆ, ಟೀ ಆರಿಹೋಗುತ್ತೆ.”

“ಇದನ್ನ ಹಾಕಿದ್ರೆ ಇರೋ ಬೇರೂ ಕೊಳೆತುಹೋಗುತ್ತೆ ಅತ್ತೆ.”

ಅವನು ಪೈಪನ್ನು ಎತ್ತಿ ನೋಡಿದ. ಮುಚ್ಚಳಕ್ಕೂ ಬಕೆಟ್ಟಿನ ಅಂಚಿಗೂ ನಡುವೆ ಸಿಕ್ಕಿ ಅದು ಚಪ್ಪಟೆಯಾಗಿತ್ತು. ಆಮೇಲೆ ಗುಂಡುಕಲ್ಲನ್ನು ನೋಡಿದ. ಆ ಮನೆಯಲ್ಲಿ ಮುಚ್ಚಳದ ಮೇಲೆ ಕಲ್ಲು ಹೇರುವವರು ಯಾರೆಂದು ಬೆಕ್ಕಿಗೂ ಗೊತ್ತು. ಅತ್ತೆಗೆ ಆಗ ಹೊಳೆಯಿತು. ಗಂಡನ ಗಿಡವನ್ನು ಕೊಲ್ಲಲು ಹೊರಟವಳು ತಾನೇ! ಈಗ ಇವನು ಬೈಯುತ್ತಾನೆ, ಬೈಯಲಿ, ಒಂದಕ್ಕೆ ಹತ್ತು ತಿರುಗಿಸಿ ಬೈದರಾಯಿತು ಎಂದು ಸಜ್ಜಾಗಿ ನಿಂತಳು.

“ಪೈಪು ನಾನೇ ಸರಿಯಾಗಿ ಬಿಟ್ಟಿರಲಿಲ್ಲ ಅನ್ಸುತ್ತೆ,” ಎಂದ ಅಳಿಯ. ನಾತದ ನೀರನ್ನು ಚರಂಡಿಗೆ ಸುರಿದು, ಬಕೆಟ್ಟು ಉಜ್ಜಿ, ಮತ್ತೆ ನೀರು ಹಿಡಿದ. ಕಲ್ಲನ್ನು ತೊಳೆದು ಗೋಡೆಯ ಪಕ್ಕ ಇಟ್ಟ.

ನೆಟ್ಟಗೆ ಒಂದು ಸುಳ್ಳು ಹೇಳಲೂ ಬಾರದವನನ್ನು ಕಟ್ಟಿಕೊಂಡು ಮಗಳು ಹೇಗೆ ಬಾಳುತ್ತಾಳೋ! ಸಿಟ್ಟಿನಿಂದಲೋ ಏನೋ, ಅತ್ತೆ ಮುಚ್ಚಳವನ್ನು ತಂದು ಅವನ ಮುಂದೆ ಕುಕ್ಕಿದಳು.

“ಬೆಪ್ಪನ ಹಾಗೆ ನಿಂತಿದ್ದೀಯಲ್ಲೋ! ಇದಕ್ಕೊಂದು ತೂತು ಕೊರಿ. ಇಲ್ದಿದ್ರೆ ಪೈಪು ಎಲ್ಲಿಂದ ಬಿಡ್ತೀಯ?”