ಕಲಸುಮೇಲೋಗರ ನಲವತ್ತೊಂದು

ಪರ್ರನೆ ಏನೋ ಹರಿಯಿತು, ಬಟ್ಟೆಯಲ್ಲ, ಪ್ಯಾಸೇಜಿನಲ್ಲಿ ಮಗಳು ರಟ್ಟಿನ ಪೆಟ್ಟಿಗೆಗೆ ಅಂಟುಪಟ್ಟಿ ಎಳೆಯುತ್ತಿದ್ದಾಳೆ, ಎಳೆದಾಗೊಮ್ಮೆ ನನ್ನ ಹಲ್ಲಿನ ಬುಡ ಜುಮ್ಮೆನ್ನುತ್ತದೆ, ಬೆಳಿಗ್ಗೆಯಿಂದ ಎರಡು ಪೆಟ್ಟಿಗೆ ತುಂಬಿದವು, ಅಪ್ಪಾ ಇಪ್ಪತ್ತಮೂರು ಎಲ್ಲಿ, ಇಪ್ಪತ್ತೆರಡಾದ ಮೇಲೆ ಇಪ್ಪತ್ನಾಲ್ಕಿದೆ, ಅಲ್ಲೇ ಇರಬೇಕು ನೋಡಮ್ಮ, ಇಲ್ಲ ಅಂದ್ರೆ ಇಲ್ಲ, ಬಂದು ನೀನೇ ನೋಡು — ನಾನು ಏಳುವುದಿಲ್ಲ, ಇಪ್ಪತ್ತಮೂರನ್ನು ಅವಳ ಅಮ್ಮ ಒಂದು ದಿನ ಸಿಟ್ಟಿನಲ್ಲಿ ಕಿಟಕಿಯಿಂದ ಎಸೆದಿದ್ದಳು, ಅದು ಕೆಳಗೆ ಯಾರದೋ ಸೈಕಲ್ಲಿನ ಬುಟ್ಟಿಗೆ ಬಿತ್ತು, ನಾನು ಮೆಟ್ಟಿಲಿಳಿಯುವಷ್ಟರಲ್ಲಿ ಸೈಕಲ್ಲು ಹೊರಟೇಹೋಗಿತ್ತು, ಆ ಪುಣ್ಯಾತ್ಮ ಈಗಲೂ ಕೇಳುತ್ತಿರಬಹುದು. ಒಟ್ಟು ನಲವತ್ತೊಂದು ಕ್ಯಾಸೆಟ್ಟು, ಎಲ್ಲ ನಾನೇ ಮಾಡಿದ್ದು, ಈ ರೆಕಾರ್ಡಿನಿಂದ ಒಂದು ಹಾಡು, ಆ ರೆಕಾರ್ಡಿನಿಂದ ಒಂದು, ಯಾವುದರ ಹಿಂದೆ ಯಾವುದು ಬಂದರೆ ಕಿವಿ ಎಡವುವುದಿಲ್ಲ ಎಂದು ದಿನಗಟ್ಟಲೆ ತಲೆ ಕೆಡಿಸಿಕೊಂಡು ನನ್ನ ಹೆಂಡತಿಗೆಂದೇ ಮಾಡಿದ್ದು, ಅವಳು ಅದಕ್ಕಿಟ್ಟ ಹೆಸರು ಕಲಸುಮೇಲೋಗರ, ಏನ್ರೀ, ಈ ಸಲದ ಕಲಸುಮೇಲೋಗರ ಆಯ್ತಾ, ಆಮೇಲೆ ಡಬ್ಬಿಯ ಬೆನ್ನಿನ ಚೀಟಿಯ ಮೇಲೂ ನಾನು ಅದನ್ನೇ ಬರೆಯತೊಡಗಿದೆ, ಕಲಸುಮೇಲೋಗರ ಒಂದು, ಎರಡು, ಮೂರು. ನಲವತ್ತೊಂದನೆಯದನ್ನು ಮಗಳು ಹೋದ ವರ್ಷವೇ ಒಯ್ದು ಮೊಬೈಲಿಗೆ ಹಾಕಿಸಿಕೊಂಡಳು, ದಿನಾ ಕೆಲಸಕ್ಕೆ ಹೋಗುವಾಗ ಕಾರಿನಲ್ಲಿ ಕೇಳುತ್ತಾಳೆ, ಅಮ್ಮನಿಗೆ ನೀನು ಮಾಡಿದ ಕೊನೇದಲ್ವಾಪ್ಪ, ಅದರ ಕೊನೇ ಹಾಡಂತೂ ಎಷ್ಟು ಕ್ಲೀನಾಗಿ ಬಂದಿದೆ, ಎಲ್ಲೂ ಒಂದು ಚೂರು ಕೆಟ್ಟಿಲ್ಲ. ಉಳಿದವನ್ನೂ ಹಾಗೇ ಮಾಡಿಸಬೇಕೆಂದು ಇವತ್ತು ಬಂದಿದ್ದಾಳೆ. ಆ ಕೊನೇ ಹಾಡಿನ ರೆಕಾರ್ಡು ಈಗ ನನ್ನ ತೊಡೆಯ ಮೇಲಿದೆ.

ಮಧ್ಯಾಹ್ನದ ಬಿಸಿಲು ಪ್ಲೇಯರಿನ ಮುಚ್ಚಳದ ಮೇಲೆ ಬಂದಿದೆ, ಅಂದರೆ ಮೂರು ಗಂಟೆ, ನಾಲ್ಕಕ್ಕೆ ಅಂಗಡಿ ತೆಗೆಯಬೇಕು, ಕನ್ನಡಕದಂಗಡಿ, ಗಾಜು ಉಜ್ಜಿ ಉಜ್ಜಿ ಬೆರಳಿನ ಗೆರೆಗಳೇ ಸವೆದುಹೋದ ಕೈ ನನ್ನದು, ಗಾಜಾಗಲಿ ರೆಕಾರ್ಡಾಗಲಿ ಗೀರು ಕಂಡರೆ ನನಗಾಗದು, ಯಾರಾದರೂ ಕನ್ನಡಕವನ್ನು ಸೆರಗಿನಿಂದಲೋ ಅಂಗಿಯ ಚುಂಗಿನಿಂದಲೋ ಒರೆಸಿದರೆ ಅಲ್ಲೇ ಬೈದುಬಿಡುತ್ತೇನೆ, ಗಿರಾಕಿ ಎಂದೂ ನೋಡುವುದಿಲ್ಲ. ಮನೆಯಲ್ಲೂ ಅದೇ ಕಾಟ. ಎರಡನೇ ಮಹಡಿ, ಹಳೇ ಕಟ್ಟಡ, ಹಲಗೆಯ ನೆಲ, ಪ್ಯಾಸೇಜಿನಲ್ಲಿ ಯಾರಾದರೂ ಕಾಲು ಊರಿ ನಡೆದರೆ ಇಲ್ಲಿ ರೆಕಾರ್ಡಿನ ಮೇಲೆ ಪ್ಲೇಯರಿನ ಮುಳ್ಳು ಹಾರುತ್ತದೆ, ಅದಕ್ಕೇ ಈ ಮನೆಯಲ್ಲಿ ಮಾತು ಕಲಿಯುವ ಮೊದಲು ಮೆಲ್ಲಗೆ ನಡೆಯಲು ಕಲಿತದ್ದು ಮಗಳು, ರೆಕಾರ್ಡಿಂಗಿನ ಕೆಂಪು ದೀಪ ಹತ್ತಿತೆಂದರೆ ಮೂರು ವರ್ಷದ ಕೂಸು ಬಾಯಿಗೆ ಬೆರಳಿಟ್ಟು ನಿಂತುಬಿಡುತ್ತಿತ್ತು, ನಾನು ಅದನ್ನು ಕಂಡು ಹಿಗ್ಗುತ್ತಿದ್ದೆ, ಈಗ ನೆನೆದರೆ ನನ್ನ ಬಗ್ಗೆ ನನಗೇ ನಾಚಿಕೆ. ಅವಳಮ್ಮ ಮಾತ್ರ ಬಿಡುತ್ತಿರಲಿಲ್ಲ, ಊಟದ ತಟ್ಟೆ ತೊಳೆಯೋಕೆ ನಾನು, ಹಾಡಿನ ತಟ್ಟೆ ಒರೆಸೋಕೆ ನೀವು, ಸರಿಹೋಯ್ತು ಬಿಡಿ ಸಂಸಾರ, ಎನ್ನುವಳು, ಬಂದ ನೆಂಟರಿಗೆಲ್ಲ ಪ್ಲೇಯರನ್ನು ತೋರಿಸಿ ಇವಳು ನನ್ನ ಸವತಿ, ನನಗಿಂತ ಎರಡು ವರ್ಷ ಮೊದಲೇ ಬಂದವಳು, ಎನ್ನುವಳು, ಅವರು ನಕ್ಕರೆ ತಾನೂ ನಗುವಳು. ಮೆಲ್ಲಗೆ ಮಾತ್ರ ನಡೆಯುವಳು, ಮೂವತ್ತು ವರ್ಷ.

ಹೋದ ವರ್ಷ ಆ ದಿನ ಕೂಡ ಬಿಸಿಲು ಇಲ್ಲೇ ಇತ್ತು, ಮುಚ್ಚಳದ ಮೇಲೆ, ನಲವತ್ತೊಂದನೇ ಕ್ಯಾಸೆಟ್ಟಿನ ಎರಡನೇ ಮಗ್ಗುಲು ಮುಗಿಯಲು ಒಂದೇ ಹಾಡು ಬಾಕಿ, ಹಾಡಿನ ಉದ್ದ ಐದೂವರೆ ನಿಮಿಷ, ಉಳಿದ ಟೇಪು ಆರು, ಅಷ್ಟು ಸರಿಯಾಗಿ ಹೊಂದಿಕೊಂಡದ್ದಕ್ಕೆ ನನಗೆ ಒಳಗೊಳಗೇ ಖುಷಿ, ಹೆಡ್‌ಫೋನು ಹಾಕಿಕೊಂಡೆ, ಎರಡೂ ಕಿವಿ ಮುಚ್ಚಿ, ಮುಳ್ಳು ಇಳಿಸಿದೆ, ತಂತಿವಾದ್ಯದ ಮೇಲೆ ಹಾಡುವ ಹೆಂಗಸಿನ ದನಿ ಏರುತ್ತ ಏರುತ್ತ ಎರಡನೇ ಚರಣದ ತುದಿಗೆ ಬಂತು, ಅಲ್ಲಿ ಮುಳ್ಳು ಹಾರಿತು. ಧೂಳು ಅಂದುಕೊಂಡೆ. ಎಲ್ಲವನ್ನೂ ನಿಲ್ಲಿಸಿದೆ, ಅಂಗಡಿಯಿಂದ ತಂದ ಹಳದಿ ಬಟ್ಟೆ ತೆಗೆದುಕೊಂಡೆ, ಗಾಜು ಒರೆಸುವ ಮೆತ್ತನೆ ಬಟ್ಟೆ, ಹೊರಗಿನ ಅಂಚಿನಿಂದ ಒಳಕ್ಕೆ, ಗೆರೆಯ ಜೊತೆಗೇ ಸುತ್ತುತ್ತ, ಅವಸರವಿಲ್ಲದೆ ಒರೆಸಿದೆ, ಟೇಪು ಹಿಂದಕ್ಕೆ ಸುತ್ತಿ ಮೊದಲಿನಿಂದ ಮತ್ತೆ ಹಿಡಿದೆ, ಈ ಸಲ ಹಾರಲಿಲ್ಲ, ಪೂರ್ತಿ ಬಂತು, ಸರಿಯಾಗಿ ಬಂತೋ ಎಂದು ಒಮ್ಮೆ ತಿರುಗಿ ಕೇಳಿದೆ, ಅದೂ ಐದೂವರೆ ನಿಮಿಷ, ಆಮೇಲೆ ಚೀಟಿಯ ಮೇಲೆ ದುಂಡಕ್ಷರದಲ್ಲಿ ಹಾಡಿನ ಹೆಸರು ಬರೆದೆ, ಕೆಳಗೆ ಒಂದು ಗೆರೆ ಎಳೆದೆ. ಆಗ ಟೀ ಬರಲಿಲ್ಲವಲ್ಲ ಎನ್ನಿಸಿತು. ಮುಳ್ಳು ಹಾರಿದಾಗಿನಿಂದ ಹದಿನೇಳು ನಿಮಿಷ, ಆಮೇಲೆ ಎಷ್ಟೋ ಸಲ ಗಡಿಯಾರ ಇಟ್ಟುಕೊಂಡು ಅದನ್ನೆಲ್ಲ ಮಾಡಿ ನೋಡಿದ್ದೇನೆ, ಬೇಗ ಬೇಗ ಒರೆಸಿದರೂ ಹದಿನಾರಕ್ಕೆ ಕಡಿಮೆ ಆಗುವುದಿಲ್ಲ. ಎದ್ದು ಬಾಗಿಲು ತೆರೆದರೆ ಅವಳು ಪ್ಯಾಸೇಜಿನಲ್ಲಿ ಬಿದ್ದಿದ್ದಳು, ಒಂದು ಕಣ್ಣು ಅರ್ಧ ತೆರೆದಿತ್ತು, ಉಸಿರು ಗೊರ ಗೊರ ಎನ್ನುತ್ತಿತ್ತು.

ತಲೆಯಲ್ಲಿ ರಕ್ತನಾಳ ಒಡೆದಿದೆ ಎಂದರು ಆಸ್ಪತ್ರೆಯಲ್ಲಿ, ಡಾಕ್ಟರು ಚಿಕ್ಕ ವಯಸ್ಸಿನ ಹೆಂಗಸು, ಬಿದ್ದು ಎಷ್ಟು ಹೊತ್ತಾಗಿತ್ತು ನೀವು ನೋಡಿದಾಗ, ಆಗಲೇ, ಬಿದ್ದ ತಕ್ಷಣ ನೋಡಿದೆ — ಬಾಯಿಗೆ ಅದು ಹೇಗೆ ಬಂತು, ಯೋಚಿಸಿ ಹೇಳಿದ್ದಲ್ಲ, ಅಂಗಡಿಯಲ್ಲಿ ಗಿರಾಕಿಗೆ ಸಂಜೆ ಕೊಡ್ತೀನಿ ಎನ್ನುವಷ್ಟು ಸಲೀಸಾಗಿ ಬಂತು. ಮೂರನೇ ದಿನ ಅವಳು ಹೋದ ಮೇಲೆ ಆ ಡಾಕ್ಟರೇ ನನ್ನ ಭುಜ ಮುಟ್ಟಿ, ನೀವು ಒಂದು ನಿಮಿಷವನ್ನೂ ಹಾಳು ಮಾಡಲಿಲ್ಲ, ಅಷ್ಟು ಬೇಗ ಕರೆತಂದರೂ ಉಳಿಯಲಿಲ್ಲ ಅಂದ್ರೆ ಅವರ ಆಯಸ್ಸೇ ಅಷ್ಟು, ಮನಸ್ಸಿಗೆ ಹಚ್ಚಿಕೋಬೇಡಿ, ಎಂದರು. ಮಗಳು ಅದನ್ನೇ ಹಿಡಿದುಕೊಂಡಳು, ಬಂದವರಿಗೆಲ್ಲ ಅದನ್ನೇ ಹೇಳಿದಳು, ದೊಡ್ಡಮ್ಮನಿಗೆ, ಸೋದರಮಾವನಿಗೆ, ಕೆಳಗಿನ ಮನೆಯ ಟೈಲರಿಗೆ, ಅಪ್ಪ ತಕ್ಷಣ ನೋಡಿದ್ರು, ತಕ್ಷಣ ಕರ್ಕೊಂಡು ಹೋದ್ರು, ಅವಳು ತಕ್ಷಣ ಎಂದಾಗಲೆಲ್ಲ ಕುಂಬಳಕಾಯಿ ಕಳ್ಳನ ಹಾಗೆ ನಾನು ಹೆಗಲು ಮುಟ್ಟಿ ನೋಡಿಕೊಂಡೆ. ಈಗ ಅವಳು ಕಾರಿನಲ್ಲಿ ಕೇಳುವ ಆ ಹಾಡು, ಎಲ್ಲೂ ಒಂದು ಚೂರು ಕೆಡದ ಆ ಐದೂವರೆ ನಿಮಿಷ, ಅಷ್ಟು ಹೊತ್ತೂ ಅವಳಮ್ಮ ಬಾಗಿಲಿನಾಚೆ ಹಲಗೆಯ ಮೇಲೆ ಇದ್ದಳು. ಹಾಡಿನಲ್ಲಿ ಅದು ಕೇಳುವುದಿಲ್ಲ. ಕೇಳುವುದಿದ್ದರೆ ಮೊದಲ ಸಲ ಹಿಡಿದದ್ದರಲ್ಲಿ ಕೇಳುತ್ತಿತ್ತು, ಅದನ್ನು ನಾನೇ ಅಳಿಸಿ ಅದರ ಮೇಲೆ ಇದನ್ನು ತುಂಬಿದ್ದೇನೆ.

ಆದರೆ ಗೀರು ಇರಬಹುದಲ್ಲ, ರೆಕಾರ್ಡಿನಲ್ಲೇ, ಇದ್ದರೆ ಮುಳ್ಳು ಹಾರಿದ್ದು ಗೀರಿನಿಂದ, ಅವಳು ಬಿದ್ದದ್ದು ಆಮೇಲೆ ಯಾವಾಗಲೋ, ನಾನು ಬಾಗಿಲು ತೆರೆಯುವ ಒಂದು ನಿಮಿಷ ಮುಂಚೆ ಎಂದೇ ಇಟ್ಟುಕೊಳ್ಳೋಣ, ಆಗ ಡಾಕ್ಟರಿಗೆ ಹೇಳಿದ್ದು ಸುಳ್ಳಾಗುವುದಿಲ್ಲ. ವರ್ಷವಿಡೀ ಹುಡುಕುತ್ತಿರುವುದು ಅದನ್ನೇ, ಅಂಗಡಿಯ ಭೂತಗನ್ನಡಿ ಕಣ್ಣಿಗೆ ಸಿಕ್ಕಿಸಿಕೊಂಡು ಎರಡನೇ ಚರಣದ ಜಾಗವನ್ನು ಗೆರೆ ಗೆರೆಯಾಗಿ ನೋಡಿದ್ದೇನೆ, ನುಣುಪು, ದಿನಾ ಮಧ್ಯಾಹ್ನ ಹಾಕಿ ಕೇಳಿದ್ದೇನೆ, ಹಾರುವುದಿಲ್ಲ, ಕೊನೆಗೆ ರೆಕಾರ್ಡನ್ನು ಕಂಕುಳಲ್ಲಿ ಇಟ್ಟುಕೊಂಡು ಅದನ್ನು ಮಾರಿದವನ ಹತ್ತಿರವೇ ಹೋದೆ, ಹಳೇ ರೆಕಾರ್ಡಿನ ಅಂಗಡಿಯವನು, ಬೂಷ್ಟು ಹಿಡಿದ ತೋಳಿಲ್ಲದ ಸ್ವೆಟರಿನಲ್ಲೇ ಹನ್ನೆರಡು ತಿಂಗಳೂ ಕೂತಿರುತ್ತಾನೆ, ಗಿರಾಕಿಗಳಿಗೆಲ್ಲ ಅವನು ಬೂಷ್ಟು. ಇದರಲ್ಲಿ ಗೀರಿದೆ ಅಂತ ನನಗೆ ಅನುಮಾನ, ಎರಡನೇ ಚರಣದಲ್ಲಿ, ಸರಿಯಾಗಿ ನೋಡಿ. ಅವನು ರೆಕಾರ್ಡನ್ನು ಬೆಳಕಿಗೆ ಓರೆ ಹಿಡಿದ, ಮೂಸಿದ, ಬೆರಳ ತುದಿಯಲ್ಲಿ ಕೂರಿಸಿ ತಿರುಗಿಸಿದ, ಸ್ವಾಮೀ, ಈ ಅಂಗಡಿಯಿಂದ ಗೀರಿರೋ ಮಾಲು ಆಚೆ ಹೋಗಿಲ್ಲ, ಇನ್ನೊಂದ್ಸಲ ನೋಡಿ ಎಂದೆ, ನೋಡೋಕೇನಿದೆ, ಕನ್ನಡಿ ಇದ್ದ ಹಾಗಿದೆ, ಒಂದಾದ್ರೂ ಇರಬೇಕು, ಸಣ್ಣದು, ಕೂದಲಷ್ಟು — ನನ್ನ ದನಿ ಒಡೆದಿರಬೇಕು, ಅವನು ಮುಖ ಎತ್ತಿ ನೋಡಿದ, ನಲವತ್ತು ವರ್ಷದಲ್ಲಿ ಗೀರಿಲ್ಲ ಅಂತ ಅಳೋ ಗಿರಾಕೀನ ಇವತ್ತೇ ನೋಡಿದ್ದು ನಾನು. ಅವನೇ ಟೀ ತರಿಸಿ ಕೊಟ್ಟ, ನಾನು ಕುಡಿದು ಬಂದೆ.

ಧೂಳು ಅಂದುಕೊಂಡೆ ಎಂದೆನಲ್ಲ, ಯಾರಿಗೆ ಹೇಳುತ್ತಿದ್ದೇನೆ ಈ ಸುಳ್ಳು, ಇಲ್ಲಿ ಕೇಳುವವರು ಯಾರಿದ್ದಾರೆ. ಧೂಳಿಗೆ ಮುಳ್ಳು ಹಾಗೆ ಹಾರುವುದಿಲ್ಲ, ಧೂಳಿಗೆ ಚಿಟ್ ಎನ್ನುತ್ತದೆ, ನೆಲ ಅದುರಿದರೆ ಮಾತ್ರ ಹಾಗೆ ಧಡ್ಡನೆ ನಾಲ್ಕು ಗೆರೆ ದಾಟುತ್ತದೆ, ಮೂವತ್ತು ವರ್ಷ ಮನೆಯವರನ್ನೆಲ್ಲ ಗದರಿದವನಿಗೆ ಅಷ್ಟು ಗೊತ್ತಾಗದೇ. ಗೊತ್ತಾಯಿತು. ಅವಳದೇ ಕಾಲು ಅಂದುಕೊಂಡೆ, ಬೇಕೆಂದೇ ಅಂದುಕೊಂಡೆ, ಬೆಳಿಗ್ಗೆ ಮಾತಿಗೆ ಮಾತು ಬೆಳೆದಿತ್ತು, ತಲೆ ಯಾಕೋ ಒಂದೇ ಕಡೆ ಸಿಡೀತಿದೆ ರೀ, ಅಂಗಡಿ ತೆಗೆಯೋ ಮುಂಚೆ ಒಂದು ಮಾತ್ರೆ ತಂದುಕೊಡ್ತೀರಾ, ಸಂಜೆ ತಂದರಾಗದೇ, ನಿಮ್ಮ ಸವತಿಗಾದ್ರೆ ಓಡ್ತಿದ್ರಿ — ಸವತಿ ಅವಳಿಗೆ, ನನಗಲ್ಲ, ಸಿಟ್ಟಿನಲ್ಲಿ ಮಾತು ತಪ್ಪಿತು, ಆದರೂ ಇಬ್ಬರೂ ನಗಲಿಲ್ಲ. ಅದಕ್ಕೇ ಮುಳ್ಳು ಹಾರಿದಾಗ ನನ್ನ ಬಾಯಿಂದ ಬಂದದ್ದು, ಮೆಲ್ಲಗೆ ನಡೆಯೋಕೆ ಇವಳಿಗೇನು ಧಾಡಿ. ಗಟ್ಟಿಯಾಗಿಯೇ ಅಂದೆ. ಹೋಗಿ ನೋಡಬಾರದೆಂದು, ಹೋದರೆ ಅವಳು ಗೆದ್ದಂತಾಗುತ್ತದೆಂದು, ಅದಕ್ಕೇ ಅಷ್ಟು ನಿಧಾನವಾಗಿ ಒರೆಸಿದೆ, ಒರೆಸಲು ಅದರಲ್ಲಿ ಏನೂ ಇರಲಿಲ್ಲ. ಬಾಗಿಲು ತೆರೆದಾಗ ಅವಳು ಬರಿಗಾಲಲ್ಲಿದ್ದಳು, ಮನೆಯೊಳಗೆ ಹಾಕುವ ರಬ್ಬರು ಚಪ್ಪಲಿ ಎರಡನ್ನೂ ಕೈಯಲ್ಲಿ ಹಿಡಿದಿದ್ದಳು, ಸದ್ದಾಗಬಾರದೆಂದು. ಆಸ್ಪತ್ರೆಗೆ ಹೊರಡುವಾಗ ಅವಳ ಬೆರಳು ಬಿಡಿಸಿ ಅವನ್ನು ತೆಗೆದವನು ನಾನೇ. ಇದನ್ನು ಮಗಳಿಗೆ ಹೇಳಬೇಕು, ಪೆಟ್ಟಿಗೆ ಕಟ್ಟಿ ಹೊರಡುವ ಮುಂಚೆ ಹೇಳಬೇಕು, ಹೇಳಿದರೆ ಆ ಹಾಡನ್ನು ಅವಳು ಇನ್ನೆಂದೂ ಕೇಳಲಾರಳು, ನನ್ನ ಮುಖವನ್ನೂ ನೋಡಲಾರಳು, ಹೇಳದಿದ್ದರೆ ನಾಳೆ ಕಾರಿನಲ್ಲಿ ಕೂತು ಎಷ್ಟು ಕ್ಲೀನಾಗಿದೆ ಎನ್ನುತ್ತಾಳೆ. ಒಂದು ಸಲ ಇನ್ನೂ ನೋಡಿಬಿಡುತ್ತೇನೆ. ಇದೇ ಕೊನೆ, ಇವತ್ತೂ ಹಾರದಿದ್ದರೆ ಹೋಗಿ ಹೇಳುತ್ತೇನೆ.

ಅಪ್ಪಾ, ಮೇಲಿನ ಕಪಾಟಿಂದೂ ಇಳಿಸ್ಲಾ, ಇಳಿಸಮ್ಮ, ಜೋಪಾನ, ಸ್ಟೂಲು ಅಲ್ಲಾಡುತ್ತೆ, ಎನ್ನುತ್ತ ಹೆಡ್‌ಫೋನು ಹಾಕಿಕೊಳ್ಳುತ್ತೇನೆ, ಎರಡೂ ಕಿವಿ ಮುಚ್ಚಬೇಕು, ಪರೀಕ್ಷೆ ಎಂದ ಮೇಲೆ ಆ ದಿನದ ಹಾಗೇ ಇರಬೇಕು, ಮುಳ್ಳು ಇಳಿಯಿತು, ಸರ ಸರ, ತಂತಿ, ಆ ಹೆಂಗಸು ಉಸಿರೆಳೆದುಕೊಳ್ಳುವುದೂ ಕೇಳುತ್ತದೆ, ಮೊದಲ ಚರಣ, ಯಾವ ಚಿಂತೆಯೂ ಇಲ್ಲದವಳ ಹಾಗೆ ಹಾಡುತ್ತಾಳೆ, ಬಿಸಿಲು ಮುಚ್ಚಳದಿಂದ ನನ್ನ ಮಂಡಿಗೆ ಇಳಿದಿದೆ, ಎರಡನೇ ಚರಣ, ಏರುತ್ತಾಳೆ, ಇನ್ನೂ ಏರುತ್ತಾಳೆ, ಇನ್ನೇನು ಆ ಜಾಗ — ಹಾರಿತು. ಹಾರಿತು, ಧಡ್ಡನೆ, ನಾಲ್ಕು ಗೆರೆ, ಅದೇ ಜಾಗ, ಹೆಚ್ಚು ಕಡಿಮೆ ಅದೇ ಜಾಗ, ಗೀರಿದೆ, ಇದೆ ಗೀರು, ಬೂಷ್ಟು ಬೂಷ್ಟೇ, ಅವನ ಕಣ್ಣಿಗೆ ಪೊರೆ ಬಂದಿದೆ, ಕನ್ನಡಕ ಬರೆದುಕೊಡಬೇಕು ಅವನಿಗೆ, ಪುಕ್ಕಟೆ ಮಾಡಿಕೊಡುತ್ತೇನೆ, ಬಂಗಾರದ ಫ್ರೇಮಿನದು, ಅವಳು ಆಮೇಲೆ ಬಿದ್ದಳು, ಆಮೇಲೆ, ನಾನು ತಕ್ಷಣ ನೋಡಿದೆ, ಎದೆಯ ಮೇಲಿಂದ ಯಾರೋ ಎದ್ದುಹೋದ ಹಾಗಿದೆ, ಉಸಿರು ಇಷ್ಟು ಉದ್ದ ಬಂದು ಒಂದು ವರ್ಷವಾಯಿತು, ಎಲ್ಲ ಸರಿಯಾಯಿತು, ಮುಳ್ಳು ಎತ್ತಿಟ್ಟೆ, ಇನ್ನು ಇದೊಂದಿಷ್ಟು ಒರೆಸಿ, ಮೊದಲಿನಿಂದ ಇನ್ನೊಮ್ಮೆ ಹಾಕಿದರೆ — ಬಾಗಿಲು ತೆರೆದಿದೆ. ಮಗಳು ಚೌಕಟ್ಟು ಹಿಡಿದುಕೊಂಡು ನಿಂತಿದ್ದಾಳೆ, ಒಂದು ಕಾಲು ನೆಲಕ್ಕೆ ಊರಿಲ್ಲ, ಬಾಯಿ ಆಡುತ್ತಿದೆ, ನಾನು ಹೆಡ್‌ಫೋನು ಕೆಳಗೆಳೆಯುತ್ತೇನೆ, ಸ್ಟೂಲು ಜಾರಿ ಪೆಟ್ಟಿಗೆ ಸಮೇತ ಬಿದ್ದೆನಪ್ಪ, ಕಾಲು ಉಳುಕಿದೆ, ಎಷ್ಟು ಸಲ ಕೂಗಿದೆ ಗೊತ್ತಾ, ಇಲ್ಲೇ ಇದ್ದೀಯ, ಕೇಳಿಸ್ಲಿಲ್ವಾ ನಿನಗೆ — ಆಮೇಲೆ ಅವಳ ಮಾತು ನಿಧಾನವಾಗುತ್ತದೆ, ಏನು ಒರೆಸ್ತಿದೀಯ, ಎನ್ನುತ್ತಾಳೆ, ಈ ಮನೆಯ ಹಲಗೆಯ ಮೇಲೆ ನಡೆಯಲು ಕಲಿತವಳು, ಎತ್ತಿಟ್ಟ ಮುಳ್ಳನ್ನು ನೋಡುತ್ತಾಳೆ, ಪ್ಯಾಸೇಜಿನ ಕಡೆ ನೋಡುತ್ತಾಳೆ, ಅಪ್ಪಾ, ಅವತ್ತೂ ಮುಳ್ಳು ಹಾರಿತ್ತಾ, ನನ್ನ ಮುಖ ನೋಡುತ್ತಿಲ್ಲ, ಕೈ ನೋಡುತ್ತಿದ್ದಾಳೆ, ನಾನೂ ನೋಡುತ್ತೇನೆ, ಹಳದಿ ಬಟ್ಟೆ, ಹೊರಗಿನಿಂದ ಒಳಕ್ಕೆ, ನಿಲ್ಲಿಸಬೇಕು, ನಿಲ್ಲುತ್ತಿಲ್ಲ, ಹೊರಗಿನಿಂದ ಒಳಕ್ಕೆ, ಹಳದಿ ಬಟ್ಟೆ, ಒರೆಸುತ್ತಿದೆ