ಹಸೀನಾಳನ್ನು ಮತ್ತೆ ಗಾಡಿಗೆ ಕಟ್ಟಿದ್ದು

ಚನ್ನಗಿರಿಯ ಬಸ್ ಸ್ಟ್ಯಾಂಡಿನ ಮುಂದೆ ಇನ್ನೂ ಏಳೆಂಟು ಜಟಕಾ ನಿಲ್ಲುತ್ತಿದ್ದ ಕಾಲ. ಎಪ್ಪತ್ತೆಂಟನೇ ಇಸವಿ, ಶಿವರಾತ್ರಿ ಕಳೆದು ನಾಲ್ಕು ದಿನವಾಗಿತ್ತು. ಬೆಳಗ್ಗೆ ಜಹಾಂಗೀರ್ ಸಾಬರು ಹಿತ್ತಲ ಬಾಗಿಲಿನ ಚಿಲಕದ ಮೇಲೆ ಕೈ ಇಟ್ಟು ಹಾಗೇ ನಿಂತುಬಿಟ್ಟರು. ಬಾಗಿಲಿನ ಆಚೆ ಅವರ ಕುದುರೆ ಹಸೀನಾ ಕಾಲು ಬದಲಿಸಿ ನಿಲ್ಲುವ ಸದ್ದು ಕೇಳುತ್ತಿತ್ತು. ಇಪ್ಪತ್ತೆಂಟು ವರ್ಷ ಜಟಕಾ ಹೊಡೆದ ಮನುಷ್ಯ. ಈಗ ಆ ಸದ್ದು ಕಿವಿಗೆ ಬಿದ್ದರೆ ಅಂಗೈ ಬೆವರುತ್ತಿತ್ತು. ಇದನ್ನು ಅವರು ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ.

"ಅಲ್ಲೇ ನಿಂತ್ಕೊಂಡು ಏನು ನಮಾಜ್ ಮಾಡ್ತೀರೇನ್ರೀ?" ಒಲೆಯ ಮುಂದೆ ಕೂತಿದ್ದ ಹೆಂಡತಿ ಗುಲ್ಜಾರ್‌ಬೀ ಕೇಳಿದಳು. "ಭಾನುವಾರ ಬೋರಣ್ಣ ಬರ್ತಾನೆ. ಕೊಡೋದಾದ್ರೆ ಕೊಟ್ಬಿಡ್ರಿ. ದಿನಾ ಹಿಂಗೆ ಜೀವ ಹಿಂಡ್ಕೊಳ್ಳಾದು ಬ್ಯಾಡ."

ಬೋರಣ್ಣ ಹೊನ್ನಾಳಿಯವನು. ಹೊಳೆಯಿಂದ ಮರಳು ಸಾಗಿಸುವ ಗಾಡಿಗಳನ್ನು ಇಟ್ಟುಕೊಂಡಿದ್ದ. ಜಟಕಾಕ್ಕೆ ಒಗ್ಗದ ಕುದುರೆ ಮರಳು ಎಳೆಯುವುದಕ್ಕೆ ಆದೀತು ಎಂದು ಹೇಳಿಕಳಿಸಿದ್ದ. ಅವನ ಗಾಡಿಗಳನ್ನು ಸಾಬರು ಕಂಡಿದ್ದರು. ದಡದ ಏರಿನಲ್ಲಿ ಕುದುರೆ ನಿಂತರೆ ಅವನ ಆಳುಗಳು ಅದರ ಮೂತಿಗೆ ಹೊಡೆಯುತ್ತಿದ್ದರು. ಹಸೀನಾ ಹಾಗೆಲ್ಲ ತಡೆಯುವ ಪ್ರಾಣಿಯಲ್ಲ. ಬಟ್ಟೆ ಒಣಹಾಕಿದ ಹಗ್ಗ ಗಾಳಿಗೆ ಅಲ್ಲಾಡಿದರೆ ಮೈಯೆಲ್ಲ ಜುಂ ಎನ್ನಿಸಿಕೊಳ್ಳುವಂಥವಳು. ಅಲ್ಲಿಗೆ ಹೋದರೆ ಮಳೆಗಾಲ ಕಾಣುವುದಿಲ್ಲ ಎಂಬುದು ಸಾಬರಿಗೆ ಗೊತ್ತಿತ್ತು. ಅವಳು ಹೋದರೆ ತಮ್ಮ ಕಸುಬೂ ಅಲ್ಲಿಗೇ ಮುಗಿಯಿತು ಎಂಬುದೂ ಗೊತ್ತಿತ್ತು. ಐವತ್ತು ದಾಟಿದವನು ಇನ್ನೊಂದು ಕುದುರೆ ಪಳಗಿಸುವುದು ಆಗದ ಮಾತು.

ಆದದ್ದು ಇಷ್ಟು. ದೀಪಾವಳಿಯ ಹಿಂದಿನ ದಿನ, ಪೇಟೆ ತುಂಬ ಜನ. ಕಿರಾಣಿ ಅಂಗಡಿ ಮಹೇಶ್ವರಪ್ಪನವರ ಅಕ್ಕ ಅನ್ನಪೂರ್ಣಮ್ಮನನ್ನು ಹಿಂದೆ ಕೂರಿಸಿಕೊಂಡು ಸಾಬರು ಜಟಕಾ ಹೊಡೆಯುತ್ತಿದ್ದರು. ಹಿಂದಿನಿಂದ ಶಿವಮೊಗ್ಗದ ಬಸ್ಸು ಬಂದು ಕಿವಿ ಒಡೆಯುವ ಹಾಗೆ ಹಾರನ್ ಹಾಕಿತು. ಹಸೀನಾ ಎರಡು ಕಾಲ ಮೇಲೆ ಎದ್ದು, ದಿಕ್ಕುತಪ್ಪಿ ಓಡಿ, ಸೇತುವೆಯ ಕಟ್ಟೆಗೆ ಗಾಲಿ ಹತ್ತಿಸಿ ಗಾಡಿಯನ್ನು ಮಗುಚಿದಳು. ಸಾಬರ ಹೆಗಲ ಮೂಳೆ ಮುರಿಯಿತು. ಅನ್ನಪೂರ್ಣಮ್ಮನ ಬಲಗೈ ಮುರಿಯಿತು. ಹಸೀನಾಳ ಹಿಂಗಾಲಿನ ಚರ್ಮ ಗೇಣುದ್ದ ಸೀಳಿತು. ಊರಿನವರು ಹೇಳಿದ್ದೂ ಹೀಗೇ, ಸಾಬರಿಗೆ ನೆನಪಿದ್ದದ್ದೂ ಹೀಗೇ.

ಮೂರು ತಿಂಗಳು ಕುದುರೆ ಕಟ್ಟಿದ ಜಾಗದಲ್ಲೇ ನಿಂತಿತು. ಗಾಯ ಮಾಗಿದ ಮೇಲೆ ಸಾಬರು ಅವಸರ ಮಾಡಲಿಲ್ಲ. ಸುಮ್ಮನೆ ನಿಂತ ಕುದುರೆಗೆ ಹುರುಳಿ ತಿನ್ನಿಸಿದರೆ ಮೈಯಲ್ಲಿ ಬೆಂಕಿ ಏರುತ್ತದೆ. ಅದಕ್ಕೆ ಹುರುಳಿ ಕಡಿಮೆ ಮಾಡಿ ಹುಲ್ಲು ಹೆಚ್ಚು ಮಾಡಿದರು. ಮೊದಲ ವಾರ ಬರೀ ಹಗ್ಗ ಹಿಡಿದು ಕೆರೆ ಏರಿಯ ಮೇಲೆ ನಡೆಸಿದರು. ಎರಡನೇ ವಾರ ಎದೆಪಟ್ಟಿ, ಹೊಟ್ಟೆಪಟ್ಟಿ ಕಟ್ಟಿ ನಡೆಸಿದರು. ಆಮೇಲೆ ಒಂದು ಜಾಲಿಯ ದಿಮ್ಮಿ ಎಳೆಸಿದರು. ದಿಮ್ಮಿ ನೆಲಕ್ಕೆ ಉಜ್ಜುವ ಸದ್ದಿಗೆ ಎರಡು ದಿನ ಕುಣಿದಳು, ಮೂರನೇ ದಿನ ಮರೆತಳು. ಖಾಲಿ ಜಟಕಾ ಕಟ್ಟಿ, ಪಕ್ಕದಲ್ಲಿ ಲಗಾಮು ಹಿಡಿದು ನಡೆದರೆ ದೇವರಂಥ ಕುದುರೆ. ಬಸ್ ಸ್ಟ್ಯಾಂಡಿಗೂ ಕರೆದುಕೊಂಡು ಹೋದರು. ಬಸ್ಸುಗಳು ಹಾರನ್ ಹಾಕಿದರೆ ಕಿವಿ ತಿರುಗಿಸಿ ನೋಡುತ್ತಿದ್ದಳು, ಅಷ್ಟೇ. ಸಾಬರಿಗೆ ಇದು ಅರ್ಥವಾಗಲಿಲ್ಲ.

ಅರ್ಥವಾಗದ್ದು ಇನ್ನೊಂದಿತ್ತು. ಸಾಬರು ಮುಂದಿನ ಹಲಗೆಯ ಮೇಲೆ ಹತ್ತಿ ಕೂತ ಕೂಡಲೇ ಅವಳು ಬೇರೆಯೇ ಆಗುತ್ತಿದ್ದಳು. ಬಾಲ ಒಳಕ್ಕೆ ಸೇದಿಕೊಂಡು, ಬೆನ್ನು ಬಿಲ್ಲಿನ ಹಾಗೆ ಮಾಡಿ, ತೊಡೆ ಗಡಗಡ ನಡುಗಿಸುತ್ತಿದ್ದಳು. ಎರಡು ಸಲ ಹತ್ತಿದ್ದರು, ಎರಡೂ ಸಲ ಇಳಿದುಬಿಟ್ಟಿದ್ದರು. ಪೇಟೆಯಲ್ಲಿ ಕಾಲಡಿ ಮಗುವೊಂದು ಸಿಕ್ಕಿದರೆ? ಹಿಂದೆ ಕೂತವರು ಈ ಸಲ ತಲೆ ಒಡೆದುಕೊಂಡರೆ? ನಿದ್ದೆ ಹತ್ತುವ ಹೊತ್ತಿಗೆ ಗಾಡಿ ಮಗುಚುವ ಆ ಕ್ಷಣ ಮತ್ತೆ ಬಂದು ಎದೆಯ ಮೇಲೆ ಕೂರುತ್ತಿತ್ತು.

ಆವತ್ತು ಗುರುವಾರ. ಸಾಬರು ಕೊನೆಗೂ ಚಿಲಕ ತೆಗೆದು ಗಾಡಿ ಕಟ್ಟುತ್ತಿದ್ದಾಗ ಹಿತ್ತಲ ಗೇಟಿನ ಹತ್ತಿರ ಯಾರೋ ಕೆಮ್ಮಿದರು. ನೋಡಿದರೆ ಅನ್ನಪೂರ್ಣಮ್ಮ. ಸಾಬರು ಕುದುರೆಯ ಆಚೆ ಬದಿಗೆ ಸರಿದರು. ನಾಲ್ಕು ತಿಂಗಳಿಂದ ಅವರ ಮುಖಕ್ಕೆ ಮುಖ ಕೊಡದೆ ಸುತ್ತುದಾರಿಯಲ್ಲಿ ಓಡಾಡಿದ್ದರು.

"ಏನ್ ಸಾಬ್ರೆ, ನನ್ನ ಕಂಡ್ರೆ ಓಡಿಹೋಗ್ತೀರಂತೆ? ನಾನೇನು ಪೊಲೀಸಾ?"

"ಹಂಗಲ್ಲ ಅಕ್ಕಾರೇ... ಕೈ ಹೆಂಗೈತೆ?"

"ಸೊಟ್ಟ ಕೂಡಿಕೊಂಡೈತೆ. ರೊಟ್ಟಿ ತಟ್ಟಿದ್ರೆ ಅದೂ ಸೊಟ್ಟ." ಆಕೆ ಗಾಡಿಯ ಹಿಂದಕ್ಕೆ ಬಂದು ಮೆಟ್ಟಿಲ ಮೇಲೆ ಕಾಲಿಟ್ಟರು. "ನಡೀರಿ, ಮನೇಗೆ ಬಿಡ್ರಿ."

"ಬ್ಯಾಡ ಅಕ್ಕಾರೇ. ಕುದುರೆ ಇನ್ನೂ ಸರಿಯಾಗಿಲ್ಲ. ನಿಮ್ಮ ಕಾಲಿಗೆ ಬೀಳ್ತೀನಿ, ಇಳೀರಿ."

"ಊರವರೆಲ್ಲ ಇದನ್ನ ಕೊಲೆಗಾರ ಕುದುರೆ ಅಂತಾರೆ. ಬಿದ್ದವಳು ನಾನು. ಹತ್ತಬ್ಯಾಡ ಅನ್ನಾಕೆ ನೀವ್ಯಾರು? ನಾಲ್ಕು ತಿಂಗಳಾತು, ಬೀದಿಗೆ ಬರಾಕೂ ನನಗೆ ಪುಕುಪುಕು ಅಂತೈತೆ. ಹಿಂಗೇ ಬಿಟ್ರೆ ನಾನು ಸಾಯೋಗಂಟ ಮನೆಯಾಗೇ ಕೂರ್ಬೇಕಾಗ್ತೈತೆ."

ಅಷ್ಟು ಹೇಳುವಾಗ ಆಕೆಯ ಕೆಳತುಟಿ ಅದುರುತ್ತಿತ್ತು. ಆದರೂ ಹತ್ತಿ ಕೂತೇ ಬಿಟ್ಟರು. ಗಾಡಿ ಹಿಂದಕ್ಕೆ ವಾಲಿತು, ಹಸೀನಾ ಕತ್ತೆತ್ತಿದಳು. ಇನ್ನು ಇಳಿಸುವ ಹಾಗಿಲ್ಲ. ಸಾಬರು ಬಿಸ್ಮಿಲ್ಲಾ ಎಂದುಕೊಂಡು ಹಲಗೆ ಹತ್ತಿದರು. ಎಡಗೈಯಲ್ಲಿ ಲಗಾಮು ಹಿಡಿದರು, ಬಲಗೈಯಲ್ಲಿ ಚಾಟಿಯ ಕೋಲು ತೆಗೆದುಕೊಂಡರು. ಹಸೀನಾಳ ತೊಡೆ ನಡುಗಲು ಶುರುವಾಯಿತು.

ಕೋಲಿನ ಮಾತು ಒಂದಿಷ್ಟು ಹೇಳಬೇಕು. ಸಾಬರ ಕೋಲಿಗೆ ಚಾಟಿಯೇ ಇರಲಿಲ್ಲ. ಹಸೀನಾಳಿಗೆ ಅವರು ಒಂದೇ ಒಂದು ಏಟು ಹೊಡೆದವರಲ್ಲ. ಅದನ್ನು ಹೆಮ್ಮೆಯಿಂದ ಹೇಳಿಕೊಳ್ಳುತ್ತಿದ್ದರು. ಕೋಲು ಇದ್ದದ್ದು ಜನರನ್ನು ಸರಿಸುವುದಕ್ಕೆ. ತಿರುಗುವ ಗಾಲಿಯ ಕಡ್ಡಿಗಳಿಗೆ ಕೋಲಿನ ತುದಿ ತಾಗಿಸಿದರೆ ಟರ್ರ್ ಎಂದು ಸದ್ದಾಗುತ್ತದೆ, ದಾರಿಯವರು ಪಕ್ಕಕ್ಕೆ ಹೋಗುತ್ತಾರೆ. ಜಟಕಾದವರಿಗೆಲ್ಲ ಅದೇ ಹಾರನ್ನು. ಬಾಯಿ ತೆರೆದು ಕೂಗುವವನು ಹೊಸಬ ಎಂದು ಉಳಿದವರು ನಗುತ್ತಿದ್ದರು.

ಓಣಿ ದಾಟುವವರೆಗೂ ಹಸೀನಾ ಅಡ್ಡಡ್ಡ ಹೆಜ್ಜೆ ಹಾಕುತ್ತ ನಡೆದಳು. ಬೆವರು ಆಗಲೇ ಎದೆಪಟ್ಟಿಯ ಕೆಳಗೆ ನೊರೆಯಾಗಿತ್ತು. ಹಿಂದೆ ಅನ್ನಪೂರ್ಣಮ್ಮ "ಶಿವಶಿವಾ" ಎನ್ನುವುದು ಕೇಳುತ್ತಿತ್ತು. ಪೇಟೆ ಬೀದಿಗೆ ತಿರುಗಿದರೆ ಮುಂದೆಯೇ ಎರಡು ಎಮ್ಮೆ, ಒಂದು ಸೈಕಲ್ಲು, ಬುಟ್ಟಿ ಹೊತ್ತ ನಾಲ್ಕು ಹೆಂಗಸರು. ಹಿಂದಿನಿಂದ ಬಸ್ಸಿನ ಗುರುಗುರು ಹತ್ತಿರವಾಯಿತು. ಸಾಬರ ಕಣ್ಣಿಗೆ ಸೇತುವೆಯ ಕಟ್ಟೆ ಕಂಡಿತು. ಅದೇ ಜಾಗ. ಅವರ ಬಲಗೈ, ಅವರನ್ನು ಕೇಳದೆಯೇ, ಕೋಲನ್ನು ಗಾಲಿಯ ಕಡೆಗೆ ಇಳಿಸಿತು.

ಕೋಲು ಇನ್ನೂ ಗಾಲಿಗೆ ತಾಗಿರಲಿಲ್ಲ. ಹಸೀನಾಳ ಎರಡೂ ಕಿವಿ ತಲೆಗೆ ಅಂಟಿದವು. ಹಿಂಭಾಗ ಕುಗ್ಗಿತು. ಇನ್ನೇನು ಹಾರುತ್ತಾಳೆ.

"ಸಾಬ್ರೆ, ಆ ಕೋಲು ತೆಗೀರಿ!" ಅನ್ನಪೂರ್ಣಮ್ಮ ಕಿರುಚಿದರು. "ಆವತ್ತೂ ಹಿಂಗೇ ಮಾಡಿದ್ರಿ!"

ಸಾಬರ ಕೈ ಗಾಳಿಯಲ್ಲೇ ನಿಂತಿತು.

"ಏನಂದ್ರಿ?"

"ಆವತ್ತು ನೀವು ಟರ್ ಅನ್ಸಿದ್ರಿ. ಕೋಲು ಕಡ್ಡಿಯಾಗೆ ಸಿಕ್ಕಿ ಫಟ್ಟಂತ ಮುರೀತು. ಮುರಿದ ತುಂಡು ಹಾರಿ ಅದರ ತೊಡೆಗೆ ಹೊಡೀತು. ಅದು ಓಡಿದ್ದು ಅದಕ್ಕೇ. ಬಸ್ಸು ಹಾರನ್ ಹಾಕಿದ್ದು ಓಡಿದ ಮೇಲೆ."

"ಬಸ್ಸು..."

"ಬಸ್ಸಿನವನು ಗಾಡಿ ಅಡ್ಡ ಬಂತು ಅಂತ ಹಾಕಿದ. ನಾನು ಹಿಂದಕ್ಕೆ ಮುಖ ಮಾಡಿ ಕೂತಿದ್ದೆ, ಬಸ್ಸು ಇನ್ನೂ ದೂರ ಇತ್ತು. ಫಟ್ ಅಂದಾಗ ತಿರುಗಿ ನೋಡಿದೆ. ಅರ್ಧ ಕೋಲು ನಿಮ್ಮ ಕೈಯಾಗೇ ಇತ್ತು."

"ಅಕ್ಕಾರೇ, ನಾಲ್ಕು ತಿಂಗಳು ಯಾಕೆ ಹೇಳ್ಲಿಲ್ಲ?"

"ಯಾರು ಕೇಳಿದ್ರು? ಬಂದವರೆಲ್ಲ ಕೈ ಹೆಂಗೈತೆ ಅಂತ ಕೇಳಿದ್ರು, ಬಾಳೆಹಣ್ಣು ಇಟ್ಟು ಹೋದ್ರು. ನೀವಂತೂ ಆ ಕಡೆ ತಲೇನೇ ಹಾಕ್ಲಿಲ್ಲ. ನಿಮಗೆ ಗೊತ್ತೇ ಐತೆ ಅಂದ್ಕೊಂಡಿದ್ದೆ."

ಪಕ್ಕದಲ್ಲಿ ನಡೆಯುವಾಗ ಕೋಲು ಗಾಡಿಯಲ್ಲೇ ಇರುತ್ತಿತ್ತು, ಹಲಗೆ ಹತ್ತಿದಾಗ ಕೈಗೆ ಬರುತ್ತಿತ್ತು. ಹೊಡೆಯದ ಕೋಲಿಗೆ ಕುದುರೆ ಹೆದರುತ್ತದೆ ಎಂದು ಅವರಿಗೆ ಹೊಳೆದೇ ಇರಲಿಲ್ಲ. ಹಳೆಯದು ಗಾಡಿ ಮಗುಚಿದಾಗ ಮುರಿಯಿತು ಎಂದುಕೊಂಡು ಹೊಸ ಕೋಲನ್ನು ತಾವೇ ಕೆತ್ತಿ, ಎಣ್ಣೆ ಸವರಿ ಇಟ್ಟುಕೊಂಡಿದ್ದರು. ತಾವು ಅವಳಿಗೆ ಹೊಡೆದಿದ್ದರು. ಊರಿಗೆಲ್ಲ ಬಸ್ಸಿನ ಕಡೆ ಕೈ ತೋರಿಸಿದ್ದರು.

ಕೋಲನ್ನು ಹಿಂದಕ್ಕೆ ಚಾಚಿದರು. ಅನ್ನಪೂರ್ಣಮ್ಮ ಸೊಟ್ಟಗೈಯಲ್ಲೇ ಅದನ್ನು ತೆಗೆದುಕೊಂಡು ಸೀರೆಯ ಕೆಳಗೆ ಮುಚ್ಚಿಟ್ಟುಕೊಂಡರು. ಬಸ್ಸು ಬೆನ್ನಿಗೇ ಬಂದಿತ್ತು. ಎಮ್ಮೆಗಳು ಅಲ್ಲೇ ಇದ್ದವು. ಸಾಬರು ಬಾಯಿ ತೆರೆದರು, ದನಿ ಹೊರಡಲಿಲ್ಲ. ಇಪ್ಪತ್ತೆಂಟು ವರ್ಷದಲ್ಲಿ ಬೀದಿಯಲ್ಲಿ ಕೂಗಿದವರೇ ಅಲ್ಲ.

"ಸರೀರಪ್ಪೋ! ಏ ಎಮ್ಮೆಯವನೇ, ಕಿವಿಯಾಗೆ ಹತ್ತಿ ಇಟ್ಕಂಡೀಯಾ? ಸರೀರಿ, ಸರೀರಿ!" ಹಿಂದಿನಿಂದ ಅನ್ನಪೂರ್ಣಮ್ಮನ ದನಿ ಪೇಟೆಯ ಆ ತುದಿಗೆ ಮುಟ್ಟಿತು. ಅಂಗಡಿಗಳವರು ಹೊರಗೆ ಇಣುಕಿದರು. ಯಾರೋ ನಕ್ಕರು. ಎಮ್ಮೆಯವನು ಹೆದರಿ ಎಮ್ಮೆಗಳನ್ನು ಚರಂಡಿಗೆ ಇಳಿಸಿದ.

ಬಸ್ಸು ಹಾರನ್ ಹಾಕಿತು. ಹಸೀನಾ ಬೆಚ್ಚಿದಳು, ತಲೆ ಕೊಡವಿದಳು, ಲಗಾಮು ಸಾಬರ ಬೆರಳುಗಳನ್ನು ಕೊಯ್ಯುವ ಹಾಗೆ ಎಳೆದಳು. ಸಾಬರು ಎಳೆಯಲಿಲ್ಲ. ಎಳೆಯದೆ ಇರುವುದಕ್ಕೆ ಹಲ್ಲು ಕಚ್ಚಿಕೊಂಡರು. "ಬೇಟಾ, ಬೇಟಾ," ಎಂದರು. ಅವರ ದನಿಯೂ ನಡುಗಿತು, ಅವಳ ಮೈಯೂ ನಡುಗಿತು. ಬಸ್ಸು ಧೂಳೆಬ್ಬಿಸಿ ಮುಂದೆ ಹೋಯಿತು. ಸೇತುವೆಯ ಕಟ್ಟೆ ಎಡಗಡೆ ನಿಧಾನವಾಗಿ ಸರಿದು ಹಿಂದಾಯಿತು. ಹಸೀನಾ ನಡೆಯುತ್ತಲೇ ಇದ್ದಳು.

ಮನೆಯ ಮುಂದೆ ಇಳಿಯುವಾಗ ಅನ್ನಪೂರ್ಣಮ್ಮನ ಮುಖ ಬೂದಿಯ ಬಣ್ಣವಾಗಿತ್ತು. ಗೋಡೆ ಹಿಡಿದು ನಿಂತು ಉಸಿರು ತೆಗೆದುಕೊಂಡರು. "ಕೋಲು ನನ್ನ ಹತ್ರ ಇರ್ಲಿ. ನೀರೊಲೆಗೆ ಹಾಕ್ತೀನಿ. ಶನಿವಾರ ಬರ್ರಿ, ಸಂತೆಗೆ ಹೋಗ್ಬೇಕು."

"ಹೆದರಿಕೆ ಆಗಲ್ವಾ ಅಕ್ಕಾರೇ?"

"ಆಗ್ದೇ ಏನು? ಜೀವ ಬಾಯಾಗೈತೆ. ಅದಕ್ಕೇ ಶನಿವಾರ ಅಂದೆ, ನಾಳೆ ಅನ್ಲಿಲ್ಲ."

ವಾಪಸ್ ಬರುವಾಗ ಸಾಬರು ಒಬ್ಬರೇ. ಖಾಲಿ ಬಲಗೈಯನ್ನು ತೊಡೆಯ ಕೆಳಗೆ ಒತ್ತಿ ಇಟ್ಟುಕೊಂಡಿದ್ದರು. ಅದು ಮತ್ತೆ ತಾನಾಗಿ ಗಾಲಿಯ ಕಡೆ ಹೋದರೆ ಎಂಬ ಭಯ. ಎರಡು ಕಡೆ ಜನ ಅಡ್ಡ ಬಂದರು. ಎರಡನೇ ಸಲ ಅವರ ಗಂಟಲಿಂದ "ಸರೀರಿ" ಎಂಬ ಮಾತು ಹೊರಟಿತು. ಬೇರೆ ಜಟಕಾದವರು ಕೇಳಿ, "ಏನ್ ಚಾಚಾ, ಹೊಸದಾಗಿ ಕಲೀತಿದೀರಾ?" ಎಂದರು. "ಹೌದಪ್ಪಾ," ಎಂದರು ಸಾಬರು.

ಹಿತ್ತಲಲ್ಲಿ ಗಾಡಿ ನಿಂತಾಗ ಇಳಿದವರು ಹಾಗೇ ನೆಲಕ್ಕೆ ಕೂತುಬಿಟ್ಟರು. ಬೆರಳು ಮಡಚಿಕೊಂಡದ್ದು ಬಿಚ್ಚಲೊಲ್ಲದು. ಗುಲ್ಜಾರ್‌ಬೀ ಓಡಿಬಂದಳು.

"ಏನಾತ್ರೀ? ಯಾರಿಗಾದ್ರೂ ಏನಾದ್ರೂ..."

"ಏನೂ ಆಗ್ಲಿಲ್ಲ. ಆವತ್ತು ತಪ್ಪು ಇವ್ಳದ್ದಲ್ಲ ಗುಲ್ಜಾರ್, ಬಸ್ಸಿಂದೂ ಅಲ್ಲ. ನನ್ನ ಕೋಲಿಂದು. ಹೊನ್ನಾಳಿಗೆ ಹೇಳಿಕಳಿಸು, ಬೋರಣ್ಣ ಬರಾದು ಬ್ಯಾಡ."

ಹಸೀನಾ ಇನ್ನೂ ಗಾಡಿಯ ಮುಂದೆ ಕಟ್ಟಿಸಿಕೊಂಡೇ ಹೊಗೆಯಾಡುವ ಮೈಯಲ್ಲಿ ನಿಂತಿದ್ದಳು. ಬಿಚ್ಚುವವರು ಬೇಕಾಗಿತ್ತು, ಸಾಬರ ಕೈ ಏಳುತ್ತಿರಲಿಲ್ಲ. ಗುಲ್ಜಾರ್‌ಬೀ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕುದುರೆಯಿಂದ ಮಾರು ದೂರದಲ್ಲಿ ನಿಂತಳು. ಇನ್ನೊಂದು ಹೆಜ್ಜೆ ಹತ್ತಿರ ಹೋದಳು. ಹಸೀನಾ ಮೂಗಿನಿಂದ ಬುಸ್ಸೆಂದಳು, ಗುಲ್ಜಾರ್‌ಬೀ "ಯಾ ಅಲ್ಲಾ" ಎಂದು ಹಿಂದೆ ಸರಿದಳು. ಮತ್ತೆ ಮುಂದೆ ಬಂದಳು.

"ಯಾವ ಪಟ್ಟಿ ಮೊದಲು ಬಿಚ್ಚಬೇಕು?" ಎಂದಳು, ಕುದುರೆಯ ಮೇಲಿನ ಕಣ್ಣು ತೆಗೆಯದೆ. "ಬೇಗ ಹೇಳ್ರಿ."

"ಹೊಟ್ಟೆ ಪಟ್ಟಿ. ನಿಧಾನ. ಮೊದಲು ಅವಳಿಗೆ ನಿನ್ನ ಕೈ ತೋರ್ಸು."