ಬನ್ನಿಮಂಟಪದ ಎರಡನೇ ಡಿಶ್

ಜೋರು ಮಳೆ ಹಿಡಿದರೆ ಸಾಕು, ವಿದ್ಯಾರಣ್ಯಪುರಂನಲ್ಲಿದ್ದ ದೊರೆಸ್ವಾಮಿಯವರ ಕೇಬಲ್ ಟಿವಿ ಆಫೀಸಿನಲ್ಲಿ ಫೋನು ಬಡಿದುಕೊಳ್ಳುತ್ತಿತ್ತು. ಉಪಗ್ರಹದಿಂದ ತಾರಸಿಯ ಡಿಶ್‌ಗೆ ಬರುವ ಸಿಗ್ನಲ್ ಮಳೆಯಲ್ಲಿ ಸೊರಗಿ, ಮನೆಮನೆಯ ಟಿವಿಯಲ್ಲೂ ಚಿತ್ರ ಚೂರುಚೂರಾಗುತ್ತಿತ್ತು. "ಮಳೆ ನಿಲ್ಲೋವರ್ಗೂ ಏನೂ ಮಾಡಕ್ಕಾಗಲ್ಲ ಕಣ್ರೀ," ಎಂದು ದೊರೆಸ್ವಾಮಿ ಎಲ್ಲರಿಗೂ ಒಂದೇ ಉತ್ತರ ಕೊಡುತ್ತಿದ್ದರು.

ಮೇ ತಿಂಗಳ ಒಂದು ಮಧ್ಯಾಹ್ನ ಹಾಗೇ ಆದಾಗ ಫೋನ್ ಎತ್ತಿದ್ದು ಮಗಳು ಮಾನಸ. ಅತ್ತ ಕಡೆ ಸೋದರತ್ತೆ ಚಲುವಮ್ಮ. ಊರಿನ ಇನ್ನೊಂದು ತುದಿಯ ಬನ್ನಿಮಂಟಪದಲ್ಲಿದ್ದ ಅವರ ಮನೆಗೂ ಇದೇ ಆಫೀಸಿನಿಂದ ಫೈಬರ್ ಕೇಬಲ್ ಎಳೆದಿದ್ದರು.

"ಏನೇ, ಟಿವಿನೇ ಬತ್ತಿಲ್ವಲ್ಲ?"

"ಇಂಥ ಮಳೇಲಿ ಹೆಂಗೆ ಬರುತ್ತೆ ಅತ್ತೆ?"

"ಯಾವ ಮಳೆ ಕಣೇ? ಇಲ್ಲಿ ಸುಡೋ ಬಿಸ್ಲು. ತಾರಸಿ ಮೇಲೆ ಸಂಡಿಗೆ ಒಣಗಾಕಿವ್ನಿ!"

ಮಾನಸ ಕಿಟಕಿಯಾಚೆ ನೋಡಿದಳು. ರಸ್ತೆಯೇ ಕಾಣದಷ್ಟು ಮಳೆ. ಹಾಗಾದರೆ ಇದರ ಅಗಲ ಎಷ್ಟು?

ಅಂದಿನಿಂದ ಮಳೆ ಬಂದಾಗಲೆಲ್ಲ ಅತ್ತೆಗೆ ಫೋನ್ ಮಾಡಿ ಕೇಳುವುದು ಅವಳಿಗೆ ಚಟವಾಯಿತು. ಊರಿಗೆಲ್ಲ ಹಬ್ಬಿದ ಮಳೆ ಸಾಮಾನ್ಯವಾಗಿ ಸಣ್ಣದು, ಅದಕ್ಕೆ ಚಿತ್ರ ಕೆಡುತ್ತಿರಲಿಲ್ಲ. ಚಿತ್ರ ಕೆಡಿಸುವ ಬಿರುಮಳೆ ಎರಡೂ ಕಡೆ ಒಟ್ಟಿಗೆ ಸುರಿದದ್ದು ಅಪರೂಪ.

"ಅಪ್ಪ, ಅತ್ತೆ ಮನೆ ಮೇಲೂ ಒಂದು ಡಿಶ್ ಇಡೋಣ. ಇಲ್ಲಿ ಸಿಗ್ನಲ್ ಹೋದ್ರೆ ಅಲ್ಲಿಂದ ಫೈಬರ್‌ನಲ್ಲಿ ತಗೊಳ್ಳೋದು."

"ಅಲ್ಲೂ ಸುರಿದ್ಬುಟ್ರೆ?"

"ಅಷ್ಟೊತ್ತಿಗೆ ಇಲ್ಲಿ ನಿಂತಿರ್ಬೋದು. ನೋಡೇಬಿಡೋಣ."

ದೊರೆಸ್ವಾಮಿ ಅರೆಮನಸ್ಸಿನಿಂದಲೇ ಒಪ್ಪಿದರು. ಚಲುವಮ್ಮನ ತಾರಸಿಯಲ್ಲಿ ಡಿಶ್ ನಿಂತಿತು. ಯಾವ ಕಡೆಯ ಸಿಗ್ನಲ್ ಚೆನ್ನಾಗಿದೆಯೋ ಅದನ್ನು ತಾನೇ ಆರಿಸಿಕೊಳ್ಳುವ ಪೆಟ್ಟಿಗೆಯೊಂದು ಆಫೀಸಿಗೆ ಬಂತು.

ಮುಂದಿನ ವಾರವೇ ಆಕಾಶ ಕಪ್ಪಿಟ್ಟಿತು. ಮಳೆ ಬಿರುಸಾದಂತೆ ಇಲ್ಲಿಯ ಸಿಗ್ನಲ್ ಕುಸಿಯುತ್ತಾ ಬಂತು. ಮಾನಸ ಪೆಟ್ಟಿಗೆಯ ಮುಂದೆ ಬಂದು ನಿಂತಳು. ಅದರಲ್ಲಿ ಬನ್ನಿಮಂಟಪದ ಡಿಶ್‌ಗೆಂದಿದ್ದ ಎರಡನೇ ದೀಪ ಹೊತ್ತಿಕೊಂಡಿತು. ಟಿವಿಯಲ್ಲಿ ಚಿತ್ರ ಒಮ್ಮೆ ಕಣ್ಣು ಮಿಟುಕಿಸಿದಂತಾಗಿ ಮತ್ತೆ ನಿಚ್ಚಳವಾಯಿತು. ಯಾರ ಫೋನೂ ಬರಲಿಲ್ಲ.

ಸ್ವಲ್ಪ ಹೊತ್ತಿಗೆ ಇಲ್ಲಿ ಮಳೆ ಕಡಿಮೆಯಾಗಿ ಮೊದಲಿನ ದೀಪವೇ ಹೊತ್ತಿತು. ತಾರಸಿಗೆ ಹೋದ ದೊರೆಸ್ವಾಮಿ ಅಲ್ಲಿಂದಲೇ ಕೂಗಿದರು: "ಮಾನಸ, ಬೇಗ ಬಾರಮ್ಮ!"

ಬನ್ನಿಮಂಟಪದ ದಿಕ್ಕಿನಲ್ಲಿ ಮಳೆ ಬೂದು ಪರದೆಯ ಹಾಗೆ ಇಳಿಬಿದ್ದಿತ್ತು. ಅದರ ಎರಡೂ ಅಂಚಿನಾಚೆ ಬಿಸಿಲಿತ್ತು.

"ಇಷ್ಟೇ ಅಗಲ ನೋಡು!" ಎಂದು ಅವರು ಎರಡೂ ಕೈ ಚಾಚಿ ಅಳೆದು ತೋರಿಸಿದರು.